ಮಾತ್ರೆ ಶುರುವಾದ ಮೇಲೆ ಮೂತ್ರದ ಬಣ್ಣವೇ ಬೇರೆ!

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತೇನೆ, ವಯಸ್ಸು 46. ಹಳೇ ಗ್ಯಾಸ್ಟ್ರೈಟಿಸ್. ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್ ಸೇರಿ ನಾಲ್ಕು ಬಗೆ ಮಾತ್ರೆ, 14 ದಿನಕ್ಕೆ. ಐದನೇ ದಿನದಿಂದ ಮೂತ್ರ ಕಣ್ಣ ಚಾದ (ಹಾಲು ಹಾಕದ ಚಹಾದ) ಹಾಗಿದೆ. ನಿಲ್ಲಿಸಲೇ ಡಾಕ್ಟ್ರೇ?
– ಓದುಗರೊಬ್ಬರು, ಉಡುಪಿ

ಉತ್ತರ: ನೀವೇ ನಿಲ್ಲಿಸಬೇಡಿ ಮಾರಾಯ್ರೆ. ಅದು ಹೆಚ್ಚಾಗಿ ಮೆಟ್ರೋನಿಡಜೋಲ್‌ನ ಬಣ್ಣ, ಕೋರ್ಸ್ ಮುಗಿದರೆ ಹೋಗುತ್ತದೆ. ಆದರೂ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ಕಣ್ಣು ಹಳದಿಯಾದರೆ, ಉರಿಮೂತ್ರ ಬಂದರೆ ಅವತ್ತೇ ಹೋಗಿ.

ನನಗೆ ಸ್ವಾರಸ್ಯ ಅನಿಸುವುದು ಕಣ್ಣಿಗೆ ಕಾಣದ ಬದಲಾವಣೆ. ಹಣ್ಣು, ತರಕಾರಿ, ಚಹಾದ ಕೆಲವು ಅಂಶಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೆಂಜೋಯಿಕ್ ಆಮ್ಲ ಮಾಡುತ್ತವೆ. ಲಿವರ್ ಅದಕ್ಕೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಜೋಡಿಸುತ್ತದೆ. ಹೀಗಾದ ಹಿಪ್ಯೂರಿಕ್ ಆಮ್ಲ ಮೂತ್ರದಲ್ಲಿ ಹೋಗುತ್ತದೆ. ಆಂಟಿಬಯೋಟಿಕ್ ಪೈಲೋರಿಯನ್ನಷ್ಟೇ ಹುಡುಕಿ ಹೊಡೆಯುವುದಿಲ್ಲ, ಅಲ್ವಾ? ಕರುಳಿನವಕ್ಕೂ ಏಟು ಬಿದ್ದು ಹಿಪ್ಯೂರಿಕ್ ಇಳಿಯುತ್ತದೆ. ಅದನ್ನು ಅಳೆಸಲು ಲ್ಯಾಬಿಗೆ ಓಡಬೇಡಿ, ಸುಮ್ನೆ ದುಡ್ಡು ದಂಡ.

ಪೈಲೋರಿ ಹೋಯಿತೇ ಎಂದು ನೋಡಲು, ಕೋರ್ಸ್ ಮುಗಿದು 4 ವಾರ ಬಿಟ್ಟು ಉಸಿರಿನ ಯೂರಿಯಾ ಪರೀಕ್ಷೆ ಮಾಡಿಸಿ. ಪ್ಯಾಂಟೊಪ್ರಜೋಲ್‌ನಂಥ ಆಸಿಡ್ ಮಾತ್ರೆ ಅದಕ್ಕೂ 2 ವಾರ ಮೊದಲೇ ನಿಂತಿರಲಿ.

ಹಾಂ, ಮಾತ್ರೆ ಮುಗಿದು 3 ದಿನ ಆಗುವವರೆಗೆ ಶೇಂದಿ ಬೇಡ.