ವಿಡಿಯೊಗೆ ಅಂಕ ಬಂತು, ಮಕ್ಕಳಿಗೆ ಪಾಠ ಬರಲಿಲ್ಲ

ಪ್ರಶ್ನೆ: ಮೇಡಂ, ನಾನು ಶಿಕ್ಷಕರ ತರಬೇತಿಯ ಎರಡನೇ ವರ್ಷದಲ್ಲಿದ್ದೇನೆ. ಡಿಜಿಟಲ್ ಮಾಧ್ಯಮದ ಪೇಪರ್‌ಗಾಗಿ ಸಮಾನ ಭಿನ್ನರಾಶಿಗಳ ಬಗ್ಗೆ 11 ನಿಮಿಷದ ವಿಡಿಯೊ ಮಾಡಿದೆ. 3 ವಾರ ಹಿಡಿಯಿತು. ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂತು. ಅದನ್ನೇ ಅಭ್ಯಾಸ ಪಾಠದ ದಿನ 5ನೇ ತರಗತಿಗೆ ತೋರಿಸಿದೆ. ಅರ್ಧಕ್ಕೇ ಮಕ್ಕಳು ಕಿಟಕಿ ಕಡೆ ತಿರುಗಿದರು. ಕೊನೆಗೆ ಪ್ರಶ್ನೆ ಕೇಳಿದರೆ ಯಾರೂ ಕೈ ಎತ್ತಲಿಲ್ಲ. ಎಡಿಟಿಂಗ್ ಇನ್ನೂ ಚೆನ್ನಾಗಿ ಕಲಿಯಬೇಕಾ? ಇಲ್ಲಾ, ಈ ಪೇಪರೇ ದಂಡವಾ? ವಿಡಿಯೊ ಕಳಿಸಿದ್ದೇನೆ.

ಉತ್ತರ: ನಿಮ್ಮ ವಿಡಿಯೊ ಎರಡು ಸಲ ನೋಡಿದೆ. ಎರಡನೇ ಸಲ ಕೈಯಲ್ಲಿ ಗಡಿಯಾರ ಹಿಡಿದೇ ನೋಡಿದೆ. ಮೊದಲ 40 ಸೆಕೆಂಡು ಶೀರ್ಷಿಕೆ ತಿರುಗುತ್ತದೆ, ಜೊತೆಗೆ ಸಂಗೀತ. ಆಮೇಲೆ ವ್ಯಾಖ್ಯೆ ನಾಲ್ಕು ಸಾಲಲ್ಲಿ ಬರುತ್ತದೆ, ಅದೇ ನಾಲ್ಕು ಸಾಲನ್ನು ನೀವು ಓದುತ್ತೀರಿ. ಹಿಂದೆ ಸಂಗೀತ ನಡೆದೇ ಇದೆ. ನಡುವೆ ಒಂದು ಕಡೆ ನಿಮ್ಮ ಕೈ ಬಂತು. ಕಾಲು ಭಾಗಕ್ಕೆ ಬಣ್ಣ ಹಚ್ಚಿದ ಕಾಗದದ ಪಟ್ಟಿ. ನಾಲ್ಕು ಮಡಿಕೆಯಿದ್ದ ಅದನ್ನು ಇನ್ನೊಮ್ಮೆ ಮಡಚಿ ಬಿಡಿಸಿದಿರಿ, ಎಂಟು ಭಾಗವಾಯಿತು. ಬಣ್ಣ ಅಷ್ಟೇ ಇದೆ, ಆದರೆ ಈಗ ಎಂಟರಲ್ಲಿ ಎರಡು. ನೋಡಿ ನನಗೆ ಮೈ ಝುಮ್ ಅಂತು. ಪಾಠ ಇದ್ದದ್ದೇ ಅಲ್ಲಿ. ಆದರೆ ಅದು ತೆರೆಯ ಮೇಲೆ ಇದ್ದದ್ದು 6 ಸೆಕೆಂಡು ಮಾತ್ರ.

ಎಡಿಟಿಂಗ್ ನಿಮಗೆ ಬೇಕಾದಷ್ಟು ಬರುತ್ತದೆ. ಇನ್ನು ಕಲಿಯಬೇಕಾದ್ದು ತೆಗೆದುಹಾಕುವುದನ್ನು.

ಇದು ಬರೀ ನನ್ನ ರುಚಿಯ ಮಾತಲ್ಲ. ರಿಚರ್ಡ್ ಮೇಯರ್ ಎಂಬ ಮನೋವಿಜ್ಞಾನಿ ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಕಲಿಯುವವರಿಗೆ ಚೆನ್ನಾಗಿ ಹತ್ತುತ್ತದೆ. ಅದೇ ಮಾತನ್ನು ತೆರೆಯ ಮೇಲೂ ಬರೆದರೆ ಹೆಚ್ಚಿನ ಸಲ ಕಲಿಕೆ ಕಡಿಮೆಯಾಗುತ್ತದೆ. ಕಣ್ಣು ಒಂದೇ. ಅದು ಅಕ್ಷರ ಓದುವುದಾ, ಚಿತ್ರ ನೋಡುವುದಾ? ಪಾಠಕ್ಕೆ ಸಂಬಂಧವಿಲ್ಲದ ಸಂಗೀತ, ಅಲಂಕಾರಗಳದ್ದೂ ಇದೇ ಕಥೆ. ಒಂದು ಹೊತ್ತಿಗೆ ಮನಸ್ಸು ಹಿಡಿದಿಡುವುದು ಸ್ವಲ್ಪವೇ. ಆ ಸ್ವಲ್ಪದಲ್ಲಿ ಇವೆಲ್ಲ ಬಂದು ಕೂತುಬಿಡುತ್ತವೆ.

ನನಗಿದು ಅರ್ಥವಾದದ್ದು ಒಬ್ಬಳು ಹುಡುಗಿಯಿಂದ. ನೆರಳು ಬೆಳಿಗ್ಗೆ ಯಾಕೆ ಉದ್ದ, ಮಧ್ಯಾಹ್ನ ಯಾಕೆ ಗಿಡ್ಡ ಎಂದು ತೋರಿಸಲು ಒಂದು ವಿಡಿಯೊ ಮಾಡಿದ್ದೆ. ಮೂಲೆಯಲ್ಲಿ ಚೆಂದಕ್ಕೆಂದು ಹಾರುವ ಹಕ್ಕಿಯೊಂದನ್ನು ಇಟ್ಟಿದ್ದೆ. ಮುಗಿದ ಮೇಲೆ ಏನಾದರೂ ಕೇಳಬೇಕಾ ಅಂದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಟೀಚರ್, ಆ ಹಕ್ಕಿ ಯಾಕೆ ಕೂರೋದೇ ಇಲ್ಲ?" ಇಡೀ ಹೊತ್ತು ಅವಳು ಹಕ್ಕಿಯನ್ನೇ ನೋಡಿದ್ದಳು. ತಪ್ಪು ಅವಳದ್ದಲ್ಲ. ಅಲ್ಲಿ ಹಕ್ಕಿ ಇಟ್ಟವಳು ನಾನು.

ಉದ್ದದ ಬಗ್ಗೆ ಒಂದು ಮಾತು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ವಿಡಿಯೊಗಳನ್ನು ಜನ ಎಷ್ಟು ಹೊತ್ತು ನೋಡುತ್ತಾರೆಂದು ಸಂಶೋಧಕರು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ 6 ನಿಮಿಷದ ಆಸುಪಾಸು. ಅವರು ತಾವಾಗಿಯೇ ಕಲಿಯಲು ಬಂದವರು. ಹಾಗಾಗಿ ಈ 6 ನಿಮಿಷವನ್ನು ನಿಮ್ಮ ತರಗತಿಗೆ ನಿಯಮ ಅಂತ ಅಂಟಿಸಬೇಡಿ. 5ನೇ ತರಗತಿಗೆ ಅದೂ ಜಾಸ್ತಿ ಅಂತ ನನ್ನ ಅನುಭವ.

ಈಗ ಹೀಗೆ ಮಾಡಿ. ಶೀರ್ಷಿಕೆ, ಸಂಗೀತ, ವ್ಯಾಖ್ಯೆ ತೆಗೆಯಿರಿ. ಕಾಗದದ ಪಟ್ಟಿಯಿಂದಲೇ ಶುರು ಮಾಡಿ, ಅದು ಒಂದು ನಿಮಿಷ ಪೂರ್ತಿ ಇರಲಿ. ಪಟ್ಟಿಯನ್ನು ಇನ್ನೊಮ್ಮೆ ಮಡಚುವ ಮುಂಚೆ ವಿಡಿಯೊ ನಿಲ್ಲಿಸಿ. "ಇನ್ನೊಮ್ಮೆ ಮಡಚಿದರೆ ಬಣ್ಣದ ಭಾಗ ಹೆಚ್ಚಾಗುತ್ತಾ, ಕಡಿಮೆಯಾಗುತ್ತಾ, ಅಷ್ಟೇ ಇರುತ್ತಾ?" ಅಂತ ಕೇಳಿ. ಹೆಚ್ಚಾಗುತ್ತದೆ ಅನ್ನುವ ಮಕ್ಕಳು ಖಂಡಿತ ಇರುತ್ತಾರೆ, ಯಾಕೆಂದರೆ 8 ಅನ್ನುವುದು 4ಕ್ಕಿಂತ ದೊಡ್ಡದು. ಸುಮ್ನೆ ಕೇಳಿಸಿಕೊಳ್ಳಿ, ತಿದ್ದಬೇಡಿ. ಪ್ರತಿಯೊಬ್ಬರ ಕೈಗೂ ಒಂದು ಪಟ್ಟಿ ಕೊಟ್ಟು ಮಡಚಲು ಹೇಳಿ. ಆಮೇಲೆ ಉಳಿದ ವಿಡಿಯೊ ತೋರಿಸಿ.

ಇನ್ನು ಪೇಪರ್ ದಂಡವಾ ಅಂತ ಕೇಳಿದಿರಲ್ಲ. ಖಂಡಿತ ಇಲ್ಲ. ವಿಷಯ ಗೊತ್ತಿರುವುದು ಒಂದು, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆಂದು ಗೊತ್ತಿರುವುದು ಇನ್ನೊಂದು ಎಂದು ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಬರೆದರು. 2006ರಲ್ಲಿ ಸಂಶೋಧಕರಾದ ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಮೂರೂ ಕೂಡುವ ಜಾಗದಲ್ಲಿ ಶಿಕ್ಷಕರು ನಿಲ್ಲಬೇಕು ಅನ್ನುವುದು ಅವರ ವಾದ. ನಿಮ್ಮ ಕಾಲೇಜು ಅಂಕ ಕೊಟ್ಟದ್ದು ಮೂರನೆಯದಕ್ಕೆ ಮಾತ್ರ. ಅದು ನನಗೆ ಬೇಸರದ ವಿಷಯ. ವಿಡಿಯೊಗೆ ಅಂಕ ಕೊಡುವ ಮುಂಚೆ ಒಂದು ಮಗುವಿಗಾದರೂ ಅದನ್ನು ತೋರಿಸಿರಬೇಕು ಅನ್ನುವ ಷರತ್ತು ಎಲ್ಲ ಕಡೆ ಬರಬೇಕು.

ಪ್ರಶ್ನೆ: ನಮ್ಮ ಸೆಮಿನಾರ್ ಸ್ಲೈಡ್‌ನಲ್ಲಿ ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎಂದಿದೆ. ಕೆಳಗೆ ಎಡ್ಗರ್ ಡೇಲ್ ಹೆಸರು. ಇದು ನಿಜವಾ?

ಉತ್ತರ: ನಿಜ ಅಲ್ಲ. ಶಿಕ್ಷಣ ತಜ್ಞ ಡೇಲ್ 1946ರಲ್ಲಿ ಅನುಭವದ ಶಂಕುವನ್ನು, ಅಂದರೆ ಕಲಿಯುವ ಬಗೆಗಳನ್ನು ಒಂದರ ಮೇಲೊಂದು ಜೋಡಿಸಿದ ಚಿತ್ರವನ್ನು, ಕೊಟ್ಟದ್ದು ಹೌದು. ಕೈಯಾರೆ ಮಾಡುವುದು ಕೆಳಗೆ, ಬರೀ ಮಾತು ಮತ್ತು ಅಕ್ಷರ ಮೇಲೆ. ಅದರಲ್ಲಿ ಶೇಕಡಾ ಲೆಕ್ಕ ಇರಲೇ ಇಲ್ಲ, ಆಮೇಲೆ ಸೇರಿಕೊಂಡದ್ದು ಅದು. ಇಷ್ಟು ನುಣುಪಾದ ಅಂಕಿಗಳು ಮಕ್ಕಳ ಪರೀಕ್ಷೆಯಿಂದ ಬರುತ್ತವಾ, ಹೇಳಿ? ಶಂಕು ಬರೆಯಿರಿ, ಅಂಕಿ ಅಳಿಸಿ.

ಪ್ರಶ್ನೆ: ಪಾಠದ ವಿಡಿಯೊಗೆ ಇಂಟರ್ನೆಟ್‌ನಿಂದ ಚಿತ್ರ ತೆಗೆದುಕೊಳ್ಳಬಹುದಾ?

ಉತ್ತರ: ಸಿಕ್ಕಿತು ಅಂದ ಮಾತ್ರಕ್ಕೆ ಬಿಟ್ಟಿ ಅಂತ ಅಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಇತರರು ಬಳಸಲು ಮಾಡಿದವರೇ ಮೊದಲೇ ಕೊಟ್ಟ ಒಪ್ಪಿಗೆ, ಇರುವ ಚಿತ್ರ ಹುಡುಕಿ. ಈ ಪರವಾನಗಿಗಳು 2002ರಿಂದ ಇವೆ. ‘ಸಿಸಿ ಬಿವೈ’ ಅಂದರೆ ಮಾಡಿದವರ ಹೆಸರು ಹಾಕಿ ಬಳಸಬಹುದು. ‘ಎನ್‌ಡಿ’ ಅಂತ ಇದ್ದರೆ ಚಿತ್ರವನ್ನು ಬದಲಿಸಿ ಹಂಚುವಂತಿಲ್ಲ. ಚಿತ್ರ ಇಳಿಸಿಕೊಂಡ ದಿನವೇ ಹೆಸರು, ವಿಳಾಸ ಬರೆದಿಡಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ತೆರೆಯ ಮೇಲೆ ಮಾತನ್ನು ಬರೆಯಬೇಡಿ ಅಂತ ಹಿಂದೆಯೂ ಹೇಳಿದ್ದಿರಿ. ನನ್ನ ತರಗತಿಯಲ್ಲಿ ಕಿವಿ ಕೇಳದ ಹುಡುಗನಿದ್ದಾನೆ. ಅವನಿಗೆ ಏನು ಮಾಡಲಿ?

ಉತ್ತರ: ಅವನಿಗೆ ಬರಹ ಬೇಕೇ ಬೇಕು. ಹೊಸ ಭಾಷೆಯಲ್ಲಿ ಕಲಿಯುತ್ತಿರುವ ಮಕ್ಕಳಿಗೂ ಬೇಕು. ಸ್ಲೈಡ್ ಮೇಲೆ ಅಂಟಿಸಬೇಡಿ, ಬೇಕಾದಾಗ ಹಾಕಿ ತೆಗೆಯಬಹುದಾದ ಕ್ಯಾಪ್ಶನ್ ಮಾಡಿ. ತಾನಾಗಿಯೇ ಬರುವ ಕ್ಯಾಪ್ಶನ್ ನಂಬಿ ಬಿಟ್ಟುಬಿಡಬೇಡಿ. ನನ್ನ ಒಂದು ಪಾಠದಲ್ಲಿ ನಾನು ‘ಛೇದ’ ಅಂದದ್ದೆಲ್ಲ ‘ವೇದ’ ಆಗಿತ್ತು. ಕೇಳಿಸದ ಮಗುವಿಗೆ ಅಲ್ಲಿ ಬರೆದದ್ದೇ ಪಾಠ, ಅಲ್ವಾ? ಕೂತು ಒಂದೊಂದೇ ಸಾಲು ತಿದ್ದಿದೆ. 4 ನಿಮಿಷದ ವಿಡಿಯೊಗೆ ಅರ್ಧ ಗಂಟೆ ಹಿಡಿಯಿತು. ನಿಮಗೂ ಅಷ್ಟು ಹಿಡಿಯಬಹುದು. ಪಾಠದ ಹಿಂದಿನ ರಾತ್ರಿಗೆ ಈ ಕೆಲಸ ಉಳಿಸಿಕೊಳ್ಳಬೇಡಿ.