ಕೇಬಲ್ ಲೇಖನ ಓದಿದೆ, ತಿದ್ದಿ ಕಳಿಸಿ

ನಮಸ್ಕಾರ,

ಪಾಂಡವಪುರದಿಂದ ನೀವು ಕಳಿಸಿದ ಲೇಖನ ಓದಿದೆ. ಇಂಟರ್ನೆಟ್‌ಗೆಂದು ಹೂತ ಫೈಬರ್ ಕೇಬಲ್ ನೆಲದ ನಡುಕವನ್ನೂ ಹಿಡಿಯುತ್ತದೆ ಅನ್ನೋ ವಿಷಯ ಬಹಳ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ.

ಮೊದಲ ಪುಟದಲ್ಲೇ ಕೇಬಲ್ಲನ್ನು ಭೂಮಿಯ ಕಿವಿ, ನರ, ವೀಣೆಯ ತಂತಿ ಅಂತೆಲ್ಲ ಕರೆದಿದ್ದೀರಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಾಲೂ ಇಲ್ಲ. ಓದುವವರಿಗೆ ಬೇಕಾದದ್ದು ಅದೇ ಅಲ್ವಾ? ಒಂದು ತುದಿಯಲ್ಲಿ ಉಪಕರಣ ಇಟ್ಟು ಕೇಬಲ್ಲಿನ ಗಾಜಿನ ಎಳೆಯೊಳಗೆ ಲೇಸರ್ ಬೆಳಕು ಬಿಡುತ್ತಾರೆ. ಗಾಜಿನಲ್ಲಿರುವ ಕಣ್ಣಿಗೆ ಕಾಣದ ಏರುಪೇರುಗಳಿಗೆ ತಾಗಿ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ನೆಲ ನಡುಗಿದರೆ ಎಳೆ ಚೂರೇ ಚೂರು ಹಿಗ್ಗಿ ಕುಗ್ಗುತ್ತದೆ, ವಾಪಸ್ ಬರುವ ಬೆಳಕೂ ಬದಲಾಗುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನೋದರಿಂದ ಜಾಗ ಗೊತ್ತಾಗುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 10 ಕಿಲೋಮೀಟರ್ ದೂರ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಸಾಕು. ಇದನ್ನು ಬರೆಯಿರಿ, ವೀಣೆ ಬೇಕಾಗುವುದಿಲ್ಲ.

‘ಭೂಕಂಪವನ್ನು ಮೊದಲೇ ಹೇಳುತ್ತದೆ’ ಅನ್ನೋ ಸಾಲು ತೆಗೆಯಲೇಬೇಕು. ಕೇಬಲ್ ಭವಿಷ್ಯ ಹೇಳುವುದಿಲ್ಲ. ಕಂಪನ ಶುರುವಾದ ಮೇಲೆ ಮೊದಲ ಅಲೆ ಹಿಡಿದರೆ, ಹಿಂದೆ ಬರುವ ಜೋರಾದ ಅಲೆಗೆ ಮುಂಚೆ ದೂರದ ಊರಿನವರಿಗೆ ಕೆಲವು ಸೆಕೆಂಡು ಸಿಗಬಹುದು. ಅಷ್ಟೇ. ಜನ ಇಂಥದ್ದನ್ನು ನಂಬಿಬಿಡುತ್ತಾರೆ, ಹಾಗಾಗಿ ಇದರಲ್ಲಿ ನಾನು ಬಿಗಿ.

‘ಕೇಬಲ್ ಇದ್ದಲ್ಲೆಲ್ಲ ಸೆನ್ಸರ್ ಇದ್ದಂತೆ’ ಅಂತಲೂ ಬರೆದಿದ್ದೀರಿ. ಅಷ್ಟು ಸಲೀಸಲ್ಲ. ಕಂಬದ ಮೇಲೆ ಎಳೆದ ಕೇಬಲ್‌ಗೆ ಗಾಳಿಯ ಗಲಾಟೆಯೇ ಜಾಸ್ತಿ. ಹೂತ ಕೇಬಲ್ಲಿನಲ್ಲೂ ನೆಲದಡಿಯ ಛೇಂಬರ್ ಗುಂಡಿಗಳ ಒಳಗೆ ಸುತ್ತಿ ಬಿಟ್ಟ ಉಳಿಕೆ ಕೇಬಲ್ ಇರುತ್ತದೆ. ಅದರಿಂದ ಕೇಬಲ್ಲಿನ ಉದ್ದವೂ ರಸ್ತೆಯ ಉದ್ದವೂ ತಾಳೆಯಾಗುವುದಿಲ್ಲ. ಅದಕ್ಕೆ ಒಬ್ಬರು ಸುತ್ತಿಗೆ ಹಿಡಿದು ದಾರಿಯುದ್ದಕ್ಕೂ ಅಲ್ಲಲ್ಲಿ ನೆಲಕ್ಕೆ ಬಡಿಯುತ್ತಾ ಹೋಗುತ್ತಾರೆ. ಇನ್ನೊಬ್ಬರು ಆ ಪೆಟ್ಟು ಎಷ್ಟನೇ ಮೀಟರಿನಲ್ಲಿ ಕಾಣಿಸಿತು ಅಂತ ಗುರುತು ಹಾಕಿಕೊಳ್ಳುತ್ತಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಕೆಲಸ ಇದು. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ.

ಉದಾಹರಣೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಾಕು. 2016ರಲ್ಲಿ ಅಲ್ಲಿನ ಕ್ಯಾಂಪಸ್ ಕೆಳಗಿನ ಪೈಪುಗಳಲ್ಲಿ ಸಡಿಲವಾಗಿ ಬಿದ್ದಿದ್ದ ಕೇಬಲ್ಲಿನಿಂದಲೇ ಭೂಕಂಪ ದಾಖಲಿಸಿದರು. ಸಿಮೆಂಟ್ ಹಾಕಿ ಬಿಗಿ ಮಾಡಿರಲಿಲ್ಲ. ಉಳಿದ ದೇಶಗಳ ಪಟ್ಟಿ ಬೇಡ.

ಕೊನೆಯ ಪುಟದ ಬೇಬಿ ಬೆಟ್ಟದ ಮಾತು ನಿಮ್ಮದೇ. ಕ್ವಾರಿ ಸಿಡಿತದಿಂದ ಕೆಆರ್‌ಎಸ್‌ಗೆ ಏನಾಗುತ್ತದೋ ಅನ್ನೋ ಆತಂಕ ನಿಮ್ಮ ಊರಿನವರದ್ದು, ಅದನ್ನು ಮುಂದಕ್ಕೆ ತನ್ನಿ. ಆದರೆ ಅಣೆಕಟ್ಟಿನ ಹತ್ತಿರದ ಕೇಬಲ್‌ಗಳಲ್ಲಿ ಈ ಅಳತೆ ಆಗಲೇ ನಡೆಯುತ್ತಿದೆ ಅಂತ ನಿಮಗೆ ಹೇಳಿದ್ದು ಯಾರು? ಆಧಾರ ಇದ್ದರೆ ಕಳಿಸಿ, ಇಲ್ಲದಿದ್ದರೆ ಆ ಸಾಲು ಹೊಡೆದು ಹಾಕಿ. ಸುಮ್ನೆ ಊಹಿಸುವ ಬದಲು ನಿಮ್ಮ ರಸ್ತೆಯಲ್ಲಿ ಗುಂಡಿ ತೋಡಿ ಕೇಬಲ್ ಹೂತವರನ್ನು ಮಾತಾಡಿಸಿ. ಎಷ್ಟು ಆಳ, ಪೈಪ್ ಇದೆಯಾ, ಕಬ್ಬಿನ ಲಾರಿ ಮೇಲೆ ಹೋಗುತ್ತದಾ, ಕೇಳಿ ಬರೆಯಿರಿ.

800 ಪದ ಸಾಕು. ದಸರಾ ಮುಗಿದ ಮೇಲೆ ಕಳಿಸಿದರೂ ನಡೆಯುತ್ತದೆ.

ನಿಮ್ಮ,
ಸಂಪಾದಕ, ಮೈಸೂರು