ಪ್ರತಿಕ್ರಿಯೆ: ಟರ್ಕಿಯವರು ಜರ್ಮನಿಯಲ್ಲೇ ಉಳಿದದ್ದು ಯಾಕೆ?

ದುಡಿಯಲು ಬಂದ ಟರ್ಕಿಯವರು ವಾಪಸ್ ಯಾಕೆ ಹೋಗಲಿಲ್ಲ ಅಂತ ಕೇಳಿದ್ದೀರಿ. ತುಂಬಾ ಜನ ಹೋದರು. ಕೆಲಸಗಾರರ ನೇಮಕಾತಿಗೆ ಪಶ್ಚಿಮ ಜರ್ಮನಿ ಮತ್ತು ಟರ್ಕಿ ಮಾಡಿಕೊಂಡ 1961ರ ಒಪ್ಪಂದದ ನಂತರ ಇಸ್ತಾಂಬುಲ್‌ನ ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿ, ಮ್ಯೂನಿಕ್‌ನ 11ನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದ ಎಷ್ಟೋ ಜನರಿಗೆ ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳುವ ಆಸೆಯೇ ಇತ್ತು. 1973ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿ ನೇಮಕಾತಿ ನಿಲ್ಲಿಸಿತು. ಲೆಕ್ಕವೇ ತಲೆಕೆಳಗಾಯಿತು. ಊರಿಗೆ ಹೋಗಿಬಿಟ್ಟರೆ ಮತ್ತೆ ಕೆಲಸಕ್ಕೆ ಬರುವ ದಾರಿ ಇಲ್ಲ, ಅಲ್ವಾ? ಹಾಗಾಗಿ ಹೆಂಡತಿ ಮಕ್ಕಳನ್ನು ಜರ್ಮನಿಗೇ ಕರೆಸಿಕೊಂಡರು. 1980ರಲ್ಲಿ ಟರ್ಕಿಯವರಿಗೆ ವೀಸಾ ಕಡ್ಡಾಯವಾಯಿತು. ಮೊಮ್ಮಗುವನ್ನು ನೋಡಲು ಬರುವ ಅಜ್ಜಿಯೂ ಅರ್ಜಿ ಹಾಕಬೇಕಾಯಿತು. ನನಗೆ ಇದೇ ಜಾಸ್ತಿ ನೋವಿನ ಸಂಗತಿ.

ಈಗಲೂ ಕೆಲವು ನಿವೃತ್ತರು ಬೇಸಿಗೆಯೆಲ್ಲ ಟರ್ಕಿಯಲ್ಲಿದ್ದು, ದಿನ ಎಣಿಸಿಕೊಂಡು ವಾಪಸ್ ಬರುತ್ತಾರೆ. ಜರ್ಮನಿಯ ಹೊರಗಿದ್ದು ಸಾಮಾನ್ಯವಾಗಿ 6 ತಿಂಗಳು ಮೀರಿದರೆ ವಾಸದ ಪರವಾನಗಿ ಹೋಗುತ್ತದೆ. ಜರ್ಮನಿಯಲ್ಲಿ 15 ವರ್ಷ ಕಾನೂನುಬದ್ಧವಾಗಿ ಇದ್ದು, ಜೀವನಕ್ಕೆ ಆದಾಯ ಇರುವವರಿಗೆ ವಿನಾಯಿತಿ ಸಿಗಬಹುದು.